ಒಲಿ ಮೊದಲ, ಗ್ವಾಡಿ ಆಮ್ಯಾಲ

"ಅಕ್ಕಾರ, ಒಂದು ಮಾತ ಕೇಳ್ತೀನಿ. ಫೋನಿನ್ಯಾಗಿನ ಹೊಟೇಲಿಗೆ ಖರೇ ರೊಕ್ಕಾ ಕೊಡಬೇಕೇನ್ರಿ?"

ಗೋಡೆಯ ಆಚೆಯಿಂದ ಪಕ್ಕದ ಮನೆ ವೈನಿ ಕೇಳಿದರು. ಅವರ ತಮ್ಮನ ಮಗ ಬಬಲೇಶ್ವರದಿಂದ ಕಾಲೇಜಿಗೆಂದು ಬಂದು ಅವರಲ್ಲೇ ಉಳಿದಿದ್ದಾನೆ. ಓದು ಮುಗಿಸಿದ ಮೇಲೆ ಮೊಬೈಲಿನಲ್ಲಿ ಹೊಟೇಲು ನಡೆಸುತ್ತಾನೆ. ಗಿರಾಕಿಗಳು ಬರುತ್ತಾರೆ, ಆರ್ಡರ್ ಕೊಡುತ್ತಾರೆ, ಇವನು ಬೆರಳಲ್ಲೇ ಅಡುಗೆ ಮಾಡಿ ಬಡಿಸುತ್ತಾನೆ. ಈಗ ಒಂದು ಲೆವೆಲಿನಲ್ಲಿ ಸಿಕ್ಕಿಕೊಂಡಿದ್ದಾನೆ.

"ಸ್ವಲ್ಪ ಹರಳು ಕೊಂಡ್ರ ಸಾಕು ಅತ್ತಿ, ಲೆವೆಲ್ ದಾಟತೈತಿ ಅಂತಾನ್ರಿ. ಕೊಡ್ಲೋ ಬ್ಯಾಡೋ ತಿಳೀವಲ್ದು."

"ಕೊಡಬ್ಯಾಡ್ರಿ ವೈನಿ. ಆದ್ರ ಆಟಾ ಬಿಡು ಅಂತನೂ ಅನ್ನಬ್ಯಾಡ್ರಿ. ಅವನ್ನ ಇತ್ತಾಗ ಕರೀರಿ. ಆ ಲೆವೆಲ್ ದಾಟಾಕ ರೊಕ್ಕಾ ಬೇಕಾಗಂಗಿಲ್ಲ. ನೀವು ದಿನಾ ಮುಂಜಾನೆ ಒಲಿ ಮುಂದ ಕುಂತು ಮಾಡೂ ವಿಚಾರ ಬೇಕಾಗ್ತೈತಿ."

ವೈನಿ ಮನೆಯಲ್ಲೇ ರೊಟ್ಟಿ ಮಾಡಿ ಕೊಡುತ್ತಾರೆ. ಮದುವೆಗೆ, ಸೀಮಂತಕ್ಕೆ, ಖಾನಾವಳಿಗೆ, ಊರು ಬಿಟ್ಟು ಹೋದವರ ಪಾರ್ಸಲ್ಲಿಗೆ. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಬೆಳಗಾಗುವುದು ಅವರ ಅಡುಗೆಮನೆಯ ಟಪಟಪ ಸಪ್ಪಳದಿಂದ. ಆ ಸಪ್ಪಳದ ಹಿಂದಿರುವ ಲೆಕ್ಕಾಚಾರವೇ ಈ ಆಟಗಳ ಒಳಗೂ ಇದೆ ಎಂದು ನನಗೆ ಬಹಳ ದಿನದಿಂದ ಅನಿಸಿತ್ತು. ಅದನ್ನು ಹೇಳಲು ಅವತ್ತು ಅವಕಾಶ ಸಿಕ್ಕಿತು.

ಹುಡುಗ ಬಂದು ಫೋನನ್ನು ಗೋಡೆಯ ಮೇಲಿಟ್ಟ. ಅವನ ಹೊಟೇಲು ನೋಡಲು ಬಲು ಚಂದ. ಗೋಡೆಗೆ ಹೊಸ ಬಣ್ಣ, ಮೆತ್ತನೆಯ ಕುರ್ಚಿ, ಬಾಗಿಲಲ್ಲಿ ಹೂವಿನ ಕುಂಡ, ನಡುವೆ ಒಂದು ಕಾರಂಜಿ.

"ಬಾಳ ಚಂದ ಮಾಡೀಯಪಾ. ಒಲಿ ಎಷ್ಟ ಅದಾವ?" ಅಂದರು ವೈನಿ.

"ಒಂದ ಅತ್ತಿ. ಮೊದಲಿಂದೂ ಅದ ಐತಿ."

"ಗಿರಾಕಿ?"

"ನಾಲ್ಕು ಮಂದಿ ಒಮ್ಮೆಲೆ ಬರ್ತಾರ. ಕಡೀಗೆ ಬಂದಂವ ಸಿಟ್ಟಾಗಿ ಎದ್ದ ಹೋಗ್ತಾನ. ಅದಕ್ಕ ಲೆವೆಲ್ ಫೇಲ್ ಆಗ್ತೈತಿ."

"ಹೋಗದ ಏನ್ ಮಾಡ್ತಾನ? ಕಾರಂಜಿ ನೋಡ್ಕೋತ ಹೊಟ್ಟಿ ತುಂಬತೈತೇನು? ಒಲಿ ಮೊದಲ, ಗ್ವಾಡಿ ಆಮ್ಯಾಲ."

ಈ ಜಾತಿಯ ಆಟಗಳಲ್ಲಿ ಮುಂದೆ ಹೋಗಲು ಇದಕ್ಕಿಂತ ದೊಡ್ಡ ಸೂತ್ರ ನನಗೆ ಗೊತ್ತಿಲ್ಲ. ಉಳಿದಿದ್ದೆಲ್ಲ ಇದರ ವಿವರಣೆ.

ಈ ಆಟಗಳು ನಿನ್ನೆ ಮೊನ್ನೆಯವಲ್ಲ. ನ್ಯೂಯಾರ್ಕಿನ ಗೇಮ್‌ಲ್ಯಾಬ್ ಎಂಬ ಸಂಸ್ಥೆ ಕಂಪ್ಯೂಟರಿಗಾಗಿ 'ಡೈನರ್ ಡ್ಯಾಶ್' ಮಾಡಿತ್ತು. ಅದರಲ್ಲಿ ಫ್ಲೋ ಎಂಬ ಹುಡುಗಿ ಕಚೇರಿಯ ಕೆಲಸ ಬಿಟ್ಟು ಸ್ವಂತ ಊಟದಂಗಡಿ ಹಾಕುತ್ತಾಳೆ. 2009ರಲ್ಲಿ ಫೇಸ್‌ಬುಕ್ ಒಳಗೇ 'ರೆಸ್ಟೋರೆಂಟ್ ಸಿಟಿ', 'ಕೆಫೆ ವರ್ಲ್ಡ್' ಬಂದವು. 2014ರಲ್ಲಿ ಲಿಥುವೇನಿಯಾ ದೇಶದ ನಾರ್ಡ್‌ಕರೆಂಟ್ ಸಂಸ್ಥೆಯ 'ಕುಕಿಂಗ್ ಫೀವರ್' ಫೋನುಗಳಿಗೆ ಬಂತು. ಅದೇ 2014ರಲ್ಲಿ ನಮ್ಮ ಉಡುಪಿಯಿಂದಲೂ ಒಂದು ಆಟ ಹೊರಬಿತ್ತು. ಅದರ ಹೆಸರು 'ಸ್ಟಾರ್ ಶೆಫ್', ಮಾಡಿದವರು 99ಗೇಮ್ಸ್. ಆ ಸಂಸ್ಥೆಯ ಸ್ಥಾಪಕ ರೋಹಿತ್ ಭಟ್ ಅವರು 1996ರಲ್ಲೇ ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಸಂಸ್ಥೆ ಕಟ್ಟಿದವರು.

"ಉಡುಪ್ಯಾಗ?" ಹುಡುಗನಿಗೆ ಆಶ್ಚರ್ಯ. "ಇವೆಲ್ಲಾ ಅಮೆರಿಕಾದಾಗ ಆಗ್ತಾವ ಅನ್ಕೊಂಡಿದ್ದೆ ಕಾಕು."

"ನಮ್ಮ ಜಿಲ್ಲಾಕ್ಕ ಬಿಜಾಪುರ ಹೋಗಿ ವಿಜಯಪುರ ಅಂತ ಹೆಸರ ಬಂತಲ್ಲ, ಅದ ವರ್ಷ ಬಂದೈತಿ ನೋಡು" ಅಂದೆ. ಊಟದ ಹೊಟೇಲು ನಡೆಸುವುದನ್ನು ದೇಶಕ್ಕೆಲ್ಲ ತೋರಿಸಿದ ಊರಿನಿಂದಲೇ ಹೊಟೇಲಿನ ಆಟವೂ ಬಂದದ್ದು ನನಗೆ ಹೆಮ್ಮೆಯ ಮಾತು. 'ಸ್ಟಾರ್ ಶೆಫ್'ನಲ್ಲಿ ತರಕಾರಿಯನ್ನೂ ನೀವೇ ಬೆಳೆಯಬೇಕು. ಬೆಳೆದದ್ದನ್ನು ಬೇಯಿಸಿ ಬಡಿಸಬೇಕು, ಗಳಿಸಿದ ನಾಣ್ಯದಿಂದ ಹೊಟೇಲು ಬೆಳೆಸಬೇಕು. ತೋಟದಿಂದ ತಾಟಿನವರೆಗಿನ ದಾರಿ ಒಂದೇ ಪರದೆಯಲ್ಲಿ ಕಾಣುತ್ತದೆ.

ವೈನಿ ಮತ್ತೆ ಒಲೆಗೆ ಬಂದರು. "ಹಂಗಂದ್ರ ಅಕ್ಕಾರ, ಒಲಿ ಎಷ್ಟ ಬೇಕು ಅಂತ ಅವಗ ಹೆಂಗ ತಿಳಿಬೇಕು? ಹತ್ತು ಒಲಿ ಹಾಕಿದ್ರನೂ ರೊಕ್ಕಾ ಹಾಳ."

ಇದು ಸರಿಯಾದ ಪ್ರಶ್ನೆ. ಇದಕ್ಕೆ ಖಾನಾವಳಿಯ ಲೆಕ್ಕವನ್ನೇ ಹಿಡಿದೆವು. ಖಾನಾವಳಿಯಲ್ಲಿ 20 ಕುರ್ಚಿ ಇವೆ ಎನ್ನಿ. ಒಬ್ಬರು ಬಂದು ಕುಳಿತು ಉಂಡು ಏಳಲು ಅರ್ಧ ತಾಸು. ಅಂದರೆ ತಾಸಿಗೆ 40 ಮಂದಿ. ಒಬ್ಬರಿಗೆ ಮೂರು ರೊಟ್ಟಿಯಂತೆ 120 ರೊಟ್ಟಿ, ನಿಮಿಷಕ್ಕೆ ಎರಡು. ಒಂದು ಹಂಚಿನಿಂದ ನಿಮಿಷಕ್ಕೆ ಒಂದು ರೊಟ್ಟಿ ಇಳಿಯುತ್ತದೆ ಎಂದರೆ, ಒಂದೇ ಹಂಚು ತಾಸಿಗೆ 20 ಮಂದಿಯನ್ನು ಮಾತ್ರ ಉಣಿಸುತ್ತದೆ. ಉಳಿದವರು ಖಾಲಿ ತಾಟು ನೋಡುತ್ತ ಕೂಡುತ್ತಾರೆ. ಆಗ ಇನ್ನೂ ಹತ್ತು ಕುರ್ಚಿ ತಂದರೆ ಕಾಯುವವರು ಹೆಚ್ಚುತ್ತಾರೆಯೇ ಹೊರತು ಉಣ್ಣುವವರಲ್ಲ. ಎರಡನೇ ಹಂಚು ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಮೂರನೇ ಹಂಚು ಇಟ್ಟರೆ ಅದು ಸುಮ್ಮನೆ ಕಾಯುತ್ತದೆ, ಏಕೆಂದರೆ ಈಗ ಕುರ್ಚಿ ಕಡಿಮೆ.

"ಅಂದ್ರ ಕಾಯೂದು ಒಂದ ಕಡೆ ನಿಲ್ಲಂಗಿಲ್ಲ. ಒಲಿ ಸರಿ ಮಾಡಿದ್ರ ಕುರ್ಚಿಗೆ ಬರ್ತೈತಿ, ಕುರ್ಚಿ ಸರಿ ಮಾಡಿದ್ರ ಬಡಸಾವ್ರಿಗೆ ಬರ್ತೈತಿ" ಅಂದರು ವೈನಿ.

ಅದನ್ನೇ ಆಟದಲ್ಲಿ ಪ್ರತಿ ಲೆವೆಲಿಗೂ ಕೇಳಿಕೊಳ್ಳಬೇಕು: ಈಗ ಗಿರಾಕಿ ಯಾವುದಕ್ಕಾಗಿ ಕಾಯುತ್ತಿದ್ದಾನೆ? ಬೇಯುವುದಕ್ಕಾಗಿಯೋ, ಖಾಲಿ ತಾಟಿಗಾಗಿಯೋ, ಕೂಡುವ ಜಾಗಕ್ಕಾಗಿಯೋ? ಉತ್ತರ ಸಿಕ್ಕ ಕಡೆಗೇ ಮುಂದಿನ ನಾಣ್ಯ. ಅವನ ಆಟದಲ್ಲಿ ಜ್ಯೂಸಿನ ಯಂತ್ರ ಮಿಂಚಿನಂತೆ ತುಂಬುತ್ತಿತ್ತು, ಒಲೆ ಮಾತ್ರ ನಿಧಾನ. ಅವನು ಅಪ್‌ಗ್ರೇಡ್ ಮಾಡಿದ್ದು ಜ್ಯೂಸಿನ ಯಂತ್ರವನ್ನು, ಅದಕ್ಕೆ ನಾಣ್ಯ ಕಡಿಮೆ ಸಾಕು ಎಂದು. ಅಗ್ಗಕ್ಕೆ ಸಿಗುವುದು ಬೇರೆ, ಬೇಕಾಗಿರುವುದು ಬೇರೆ.

ಇದೇ ವಿಚಾರವನ್ನಿಟ್ಟುಕೊಂಡು 1984ರಲ್ಲಿ ಎಲಿಯಾಹು ಗೋಲ್ಡ್‌ರಾಟ್ ಎಂಬ ಲೇಖಕ 'ದಿ ಗೋಲ್' ಎಂಬ ಕಾದಂಬರಿ ಬರೆದ. ಕಾರ್ಖಾನೆಯಲ್ಲಿ ಎಲ್ಲ ಯಂತ್ರಗಳನ್ನೂ ವೇಗ ಮಾಡಬೇಕಿಲ್ಲ, ಅತ್ಯಂತ ನಿಧಾನದ ಒಂದನ್ನು ಹುಡುಕಿ ಸರಿಪಡಿಸಿದರೆ ಸಾಕು ಎನ್ನುವುದು ಅದರ ಸಾರ. ಯುಗಾದಿಯ ಹೊತ್ತಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದಲ್ಲ, ಅದರಂತೆಯೇ ಇದು. ಮುಂದಿನವರು ಎಷ್ಟು ಬೇಗ ನಡೆದರೂ ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಬಂದಾಗಲೇ ತಂಡ ಮುಟ್ಟಿದಂತೆ. ಬೇಗ ಮುಟ್ಟಬೇಕಾದರೆ ಅವರ ಹೆಗಲ ಮೇಲಿನ ಗಂಟನ್ನು ನೀವು ಹೊರಬೇಕು.

"ಮತ್ತ ಗ್ವಾಡಿಗೆ ಬಣ್ಣಾ ಹಚ್ಚೂದ ಬ್ಯಾಡೇನು ಕಾಕು?" ಹುಡುಗನಿಗೆ ಕಾರಂಜಿಯ ಮೇಲೆ ಆಸೆ.

ಹಚ್ಚಬೇಕು. ಇಂಥ ಆಟಗಳಲ್ಲಿ ಅಲಂಕಾರ ಬರೀ ಅಂದಕ್ಕಲ್ಲ. ಕುರ್ಚಿ, ದೀಪ, ಗೋಡೆಯ ಚಿತ್ರಗಳಿಂದ ಗಿರಾಕಿ ಇನ್ನಷ್ಟು ಹೊತ್ತು ಕಾಯುತ್ತಾನೆ, ಭಕ್ಷೀಸು ಹೆಚ್ಚು ಕೊಡುತ್ತಾನೆ. ಆದರೆ ಕಾಯುವ ಶಕ್ತಿ ಹೆಚ್ಚಿಸುವುದಕ್ಕಿಂತ ಕಾಯುವ ಹೊತ್ತನ್ನು ಕಡಿಮೆ ಮಾಡುವುದು ಮೇಲು. ಒಲೆಗಳು ತುಂಬಿ, ತಾಟುಗಳು ಸಾಲುವಷ್ಟಾಗಿ, ಇನ್ನು ಅಡುಗೆಮನೆಯಲ್ಲಿ ಮಾಡುವುದು ಏನೂ ಉಳಿದಿಲ್ಲ ಎಂದಾಗ ಗೋಡೆಗೆ ಬರಬೇಕು. ನಾನು ಹೇಳುವ ಸಾಲು ಇಷ್ಟು: ಮೊದಲು ಬೇಯುವ ವೇಗ, ಆಮೇಲೆ ಒಮ್ಮೆಗೆ ಬೇಯುವ ಸಂಖ್ಯೆ, ಆಮೇಲೆ ತಿನಿಸಿನ ಬೆಲೆ ಹೆಚ್ಚಿಸುವ ಅಪ್‌ಗ್ರೇಡ್, ಕೊನೆಗೆ ಅಲಂಕಾರ. ಲೆವೆಲಿನ ಗುರಿ ಏನೆಂಬುದನ್ನೂ ಶುರುವಿಗೇ ಓದಬೇಕು. ಇಷ್ಟು ನಾಣ್ಯ ಗಳಿಸು ಎಂದಿದ್ದರೆ ಬೆಲೆಯ ಅಪ್‌ಗ್ರೇಡ್ ಮುಂದೆ ಬರಬಹುದು. ಒಬ್ಬ ಗಿರಾಕಿಯೂ ಎದ್ದು ಹೋಗಬಾರದು ಎಂದಿದ್ದರೆ ವೇಗವೇ ಎಲ್ಲ.

ಕುರ್ಚಿಯೇ ಅಡ್ಡಿಯಾದಾಗ ಏನು ಮಾಡಬಹುದೆಂದು ಬೆಂಗಳೂರಿನವರು ತೋರಿಸಿದ್ದಾರೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಕುರ್ಚಿಗಳನ್ನೇ ತೆಗೆದುಹಾಕಿದರು. ಮೊದಲು ರೊಕ್ಕ ಕೊಟ್ಟು ಚೀಟಿ ತಗೋ, ತಾಟು ನೀನೇ ಇಸಕೋ, ಎತ್ತರದ ಕಟ್ಟೆಯ ಮುಂದೆ ನಿಂತು ತಿನ್ನು. ಅರ್ಧ ತಾಸು ಕೂಡುವ ಜಾಗದಲ್ಲಿ ಒಬ್ಬರು ಹತ್ತು ನಿಮಿಷಕ್ಕೆ ತಿಂದು ಹೋದರೆ ಅದೇ ನೆಲಕ್ಕೆ ಮೂರು ಪಟ್ಟು ಗಿರಾಕಿ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸ ಇದನ್ನೇ ಗಣಿತದಲ್ಲಿ ಸಾಧಿಸಿ ತೋರಿಸಿದ್ದ. ಒಳಗಿರುವ ಮಂದಿಯ ಸಂಖ್ಯೆ ಎಂದರೆ ಬರುವ ವೇಗವನ್ನು ಇರುವ ಹೊತ್ತಿನಿಂದ ಗುಣಿಸಿದ್ದು. ಜಾಗ ಬೆಳೆಸಲು ಆಗದಿದ್ದರೆ ಇರುವ ಹೊತ್ತನ್ನು ಕಡಿಮೆ ಮಾಡು.

"ನಿಂತು ತಿನ್ನೂದು ನಮ್ಮ ಊಟಕ್ಕ ಹೊಂದಂಗಿಲ್ರಿ ಅಕ್ಕಾರ" ಅಂದರು ವೈನಿ. "ರೊಟ್ಟಿ ಮುರದು, ಎಣಗಾಯಿ ಹಚ್ಚಿ, ನಡುನಡುವ ಉಳ್ಳಾಗಡ್ಡಿ ಕಡದು ತಿನ್ನಬೇಕು. ಅದಕ್ಕ ಕುಂದರಾಕ ಬೇಕ."

ಹೌದು. ಇಡ್ಲಿಯ ಲೆಕ್ಕ ರೊಟ್ಟಿಗೆ ಹೊಂದುವುದಿಲ್ಲ. ಅದಕ್ಕೇ ನಮ್ಮ ಖಾನಾವಳಿಗಳು ಬೇರೆ ದಾರಿ ಹಿಡಿದಿವೆ, ಅದು ಮುಂಗಡ ತಯಾರಿಯ ದಾರಿ. ಈ ವಿಷಯದಲ್ಲಿ ವೈನಿಯೇ ಪಂಡಿತರು.

"ಬಿಸಿರೊಟ್ಟಿ ಒಲಿ ಮ್ಯಾಲಿಂದ ಸೀದಾ ತಾಟಿಗೆ ಹೋಗಬೇಕು. ತಡಾ ಆದ್ರ ಬಿರಸ ಆಗ್ತೈತಿ. ಕಡಕ ರೊಟ್ಟಿ ಹಂಗಲ್ಲ. ಪುರುಸೊತ್ತ ಇದ್ದಾಗ ಬಡದು, ಒಣಗಿಸಿ, ಬುಟ್ಟ್ಯಾಗ ಹೊಂದಿಸಿಟ್ರ ತಿಂಗಳಗಟ್ಟಲೆ ಇರ್ತೈತಿ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕೆಂಪ ಖಾರ, ಇವೂ ಹಂಗ. ಗದ್ದಲ ಆದಾಗ ಇವು ಕೈ ಹಿಡೀತಾವ."

ಆಟದಲ್ಲೂ ತಿನಿಸುಗಳು ಎರಡು ಬಗೆಯವು. ಒಲೆಯ ಮೇಲೆ ಹೊತ್ತು ಮೀರಿದರೆ ಸೀದುಹೋಗುವಂಥವು ಒಂದು, ಮಾಡಿಟ್ಟರೆ ಹಾಗೇ ಇರುವಂಥವು ಇನ್ನೊಂದು. ಜ್ಯೂಸು, ಸಲಾಡು, ಕತ್ತರಿಸಿಟ್ಟ ತರಕಾರಿ ಕಡಕ ರೊಟ್ಟಿಯ ಜಾತಿ. ಮೊದಲ ಗಿರಾಕಿ ಬಾಗಿಲು ದಾಟುವುದರೊಳಗೆ ಇವೆಲ್ಲ ತುಂಬಿರಬೇಕು. ಒಲೆಯ ಮೇಲೆ ಎಲ್ಲ ಬಗೆಯದೂ ಒಂದೊಂದು ಇರಬೇಕು. ತಾಟುಗಳಲ್ಲಿ ಅರ್ಧ ತಯಾರಾದ ತಿನಿಸು ಇರಬೇಕು, ಆರ್ಡರ್ ಬಂದಾಗ ಮೇಲಿನದೊಂದು ಸೇರಿಸಿದರೆ ಮುಗಿಯುವ ಹಾಗೆ. ಹುಡುಗ ಗಿರಾಕಿ ಬಾಯಿ ಬಿಟ್ಟ ಮೇಲೆ ಒಲೆ ಹಚ್ಚುತ್ತಿದ್ದ. ಆ ಮೊದಲ ಕೆಲವು ಕ್ಷಣಗಳನ್ನು ಆಟ ಮತ್ತೆ ಹಿಂದಿರುಗಿಸುವುದಿಲ್ಲ.

"ಎಲ್ಲಾನೂ ಮುಂದ ಮಾಡಿಡೂದಲ್ಲಪಾ ಮತ್ತ" ವೈನಿ ಎಚ್ಚರಿಸಿದರು. "ಜೋಳದ ಹಿಟ್ಟು ಬಾಳ ದಿನಾ ಇಟ್ರ ಜಿಗಿ ಹೋಗ್ತೈತಿ. ಎಸರ ಹಾಕಿ ಎಷ್ಟ ನಾದಿದ್ರೂ ಬಡಿಯೂಮುಂದ ಅಂಚ ಸೀಳತಾವ. ಜೋಳ ಸುಗ್ಗ್ಯಾಗ ವರ್ಷದ್ದು ತುಂಬಬೇಕು, ಹಿಟ್ಟ ಮಾತ್ರ ನಾಲ್ಕ ದಿನಕ್ಕಾಗೂಷ್ಟು ಬೀಸಬೇಕು."

ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿನೀರೂ ಅಂಗೈಯ ಒತ್ತಡವೂ ಸೇರಿದರೇ ಅದು ಹದಕ್ಕೆ ಬರುವುದು. ಹಾಗಾಗಿ ರೊಟ್ಟಿ ಮಾಡುವವರಿಗೆ ಯಾವುದನ್ನು ಎಷ್ಟು ದಿನ ಕೂಡಿಡಬಹುದು ಎಂಬ ಜ್ಞಾನ ಬೇಕೇ ಬೇಕು. ಡೋಣಿ ಬೆಳೆದರೆ ಓಣೆಲ್ಲ ಜೋಳ ಎನ್ನುವ ಈ ಸೀಮೆಯಲ್ಲೂ ಜೋಳ ಬೇರೆ, ಹಿಟ್ಟು ಬೇರೆ, ರೊಟ್ಟಿ ಬೇರೆ. ಮೂರಕ್ಕೂ ಮೂರು ಆಯುಷ್ಯ.

ಮುಂದಿನದು ಬಡಿಸುವ ಸರದಿ. ಇಲ್ಲಿ ನನಗೂ ವೈನಿಗೂ ವಾದವೇ ಆಯಿತು.

ಸಣ್ಣ ಆರ್ಡರನ್ನು ಮೊದಲು ಮುಗಿಸಬೇಕು ಎನ್ನುವುದು ನನ್ನ ವಾದ. ಒಬ್ಬನಿಗೆ ಚಹಾ ಬೇಕು, ಒಂದು ನಿಮಿಷದ ಕೆಲಸ. ಇನ್ನೊಬ್ಬನಿಗೆ ಪೂರ್ತಿ ಊಟ ಬೇಕು, ಹತ್ತು ನಿಮಿಷದ ಕೆಲಸ. ಊಟ ಮೊದಲು ಕೊಟ್ಟರೆ ಒಬ್ಬ ಹತ್ತು ನಿಮಿಷ, ಇನ್ನೊಬ್ಬ ಹನ್ನೊಂದು ನಿಮಿಷ ಕಾಯುತ್ತಾನೆ, ಕೂಡಿಸಿದರೆ 21. ಚಹಾ ಮೊದಲು ಕೊಟ್ಟರೆ ಒಂದು ಮತ್ತು ಹನ್ನೊಂದು, ಬರೀ 12. ಚಹಾದವನ ಜಾಗವೂ ಬೇಗ ಖಾಲಿ.

"ಅದು ಲೆಕ್ಕಾ ಆತ್ರಿ ಅಕ್ಕಾರ, ನ್ಯಾಯ ಆಗಲಿಲ್ಲ. ಚಹಾದಾವ್ರು ಒಬ್ಬರ ಹಿಂದ ಒಬ್ಬರು ಬರ್ಕೋತ ಹೋದ್ರ ಊಟದಂವ ಸಂಜೀತನಾ ಕುಂದರಬೇಕೇನು?"

ಈ ಮಾತಿಗೆ ನನ್ನ ಹತ್ತಿರ ಎದುರು ಮಾತಿರಲಿಲ್ಲ. ಸಣ್ಣದನ್ನೇ ಮುಂದೆ ಬಿಡುತ್ತ ಹೋದರೆ ದೊಡ್ಡದು ಹಿಂದೆ ಬೀಳುತ್ತದೆ. ಅದಕ್ಕೇ ಆಟದಲ್ಲಿ ಗಿರಾಕಿಯ ತಲೆಯ ಪಕ್ಕದ ಸಹನೆಯ ಪಟ್ಟಿಯ ಮೇಲೆ ಕಣ್ಣಿರಬೇಕು. ಅದು ಅರ್ಧಕ್ಕಿಂತ ಕೆಳಗಿಳಿದ ಗಿರಾಕಿಗೆ ಮೊದಲ ಹಕ್ಕು, ಉಳಿದವರಲ್ಲಿ ಸಣ್ಣ ಆರ್ಡರು ಮುಂದೆ. ವೈನಿ ಇದಕ್ಕೆ ಇನ್ನೊಂದು ಸೇರಿಸಿದರು. "ಊಟಕ್ಕ ಕುಂತಾವ್ರ ಮುಂದ ತಾಟ ಇಟ್ಟು ಉಳ್ಳಾಗಡ್ಡಿ, ಹಿಂಡಿ, ಮಸರ ಹಾಕಿಬಿಡ್ರಿ. ತಾಟಿನ್ಯಾಗ ಏನರ ಬಿದ್ರ ಸಮಾಧಾನದಿಂದ ಕುಂದರತಾರ." ಕೆಲವು ಆಟಗಳಲ್ಲಿ ಇದು ಹಾಗೇ ಇದೆ. ಮೂರು ತಿನಿಸು ಕೇಳಿದವನಿಗೆ ಒಂದನ್ನು ಕೊಟ್ಟರೂ ಸಹನೆಯ ಪಟ್ಟಿ ತುಸು ಮೇಲೇರುತ್ತದೆ. ಎಲ್ಲ ಸಿದ್ಧವಾಗಲಿ ಎಂದು ಕೈಯಲ್ಲಿ ಹಿಡಿದು ನಿಲ್ಲಬಾರದು.

ಇನ್ನೊಂದು ಜಾಣತನ ನಮ್ಮ ಪಂಕ್ತಿ ಊಟದಲ್ಲೇ ಇದೆ. ಪಂಕ್ತಿಯಲ್ಲಿ ಒಬ್ಬ ರೊಟ್ಟಿಯ ಬುಟ್ಟಿ ಹಿಡಿದು ಸಾಲಿನುದ್ದ ಹೋಗುತ್ತಾನೆ, ಹಿಂದೆ ಇನ್ನೊಬ್ಬ ಪಲ್ಲೆ, ಮತ್ತೊಬ್ಬ ಸಾರು. ಒಬ್ಬೊಬ್ಬರಿಗೂ ಎಲ್ಲ ಬಡಿಸಿ ಮುಂದಕ್ಕೆ ಹೋಗುವುದಿಲ್ಲ. 'ಡೈನರ್ ಡ್ಯಾಶ್' ಇದೇ ನಡೆಗೆ ಬಹುಮಾನ ಕೊಡುತ್ತಿತ್ತು. ಒಂದೇ ಬಗೆಯ ಕೆಲಸವನ್ನು ಬಿಡದೆ ಸಾಲಾಗಿ ಮಾಡಿದರೆ ಅಂಕ ಏರುತ್ತಿತ್ತು: ಎಲ್ಲರ ಆರ್ಡರ್ ಒಮ್ಮೆಗೆ, ಎಲ್ಲರ ಬಿಲ್ ಒಮ್ಮೆಗೆ. ಕೈ ಪದೇ ಪದೇ ಬೇರೆ ಕೆಲಸಕ್ಕೆ ಹೊರಳಿದರೆ ಹೊತ್ತು ಸೋರುತ್ತದೆ. ಇದು ದಾಸೋಹದಲ್ಲಿ ಬಡಿಸಿದವರಿಗೆಲ್ಲ ಗೊತ್ತಿರುವ ವಿಷಯ.

ಈಗ ಹರಳಿನ ಮಾತು. ಇಂಥ ಆಟಗಳಲ್ಲಿ ಎರಡು ಬಗೆಯ ರೊಕ್ಕ. ನಾಣ್ಯ ದುಡಿದರೆ ಬರುತ್ತದೆ. ಹರಳು, ವಜ್ರ, ಏನು ಕರೆದರೂ ಸರಿ, ಎರಡನೆಯದು ಬಲು ಅಪರೂಪಕ್ಕೆ ಬರುತ್ತದೆ. ಆಟ ಪುಕ್ಕಟೆ ಸಿಗುವುದರಿಂದ ಮಾಡಿದವರ ಗಳಿಕೆ ಜಾಹೀರಾತಿನಿಂದ ಬರಬೇಕು, ಇಲ್ಲವೇ ಈ ಎರಡನೇ ರೊಕ್ಕದ ಮಾರಾಟದಿಂದ. ಅದಕ್ಕೇ ಕೆಲವು ಲೆವೆಲುಗಳನ್ನು ಬೇಕೆಂದೇ ಬಿಗಿಯಾಗಿ ಕಟ್ಟಿರುತ್ತಾರೆ. ಅಲ್ಲಿ ಸೋತ ಗಳಿಗೆಯಲ್ಲೇ "ಇನ್ನು ಹತ್ತು ಸೆಕೆಂಡು ಬೇಕೆ?" ಎಂಬ ಗುಂಡಿ ಎದುರಿಗೆ ಬರುತ್ತದೆ. ಸಿಟ್ಟು ಬಂದಾಗ ಒತ್ತುವ ಗುಂಡಿ ಅದು. ಒತ್ತಬಾರದು.

ಹರಳನ್ನು ಖರ್ಚು ಮಾಡಲು ನನ್ನದು ಒಂದೇ ನಿಯಮ. ಒಮ್ಮೆ ಕೊಂಡರೆ ಕೊನೆಯವರೆಗೂ ಉಳಿಯುವುದಕ್ಕೆ ಮಾತ್ರ ಹಾಕು. ಒಲೆಗೆ, ತಾಟಿಗೆ, ಸೀಯದಂತೆ ತಾನೇ ನೋಡಿಕೊಳ್ಳುವ ಯಂತ್ರಕ್ಕೆ ಹಾಕಬಹುದು. ಕಾಯುವುದನ್ನು ತಪ್ಪಿಸಲು ಹಾಕಿದ ಹರಳು ಆ ಗಳಿಗೆಯೊಂದಿಗೇ ಮುಗಿದುಹೋಗುತ್ತದೆ.

"ಗ್ಯಾಸ್ ಸಿಲಿಂಡರಿಗೆ ಹಾಕಿದ್ದು ಸುಟ್ಟ ಹೋಗ್ತೈತಿ, ಹಂಚಿಗೆ ಹಾಕಿದ್ದು ಉಳೀತೈತಿ" ಅಂದರು ವೈನಿ. ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಹಾಗಾದರೆ ನಾಣ್ಯ ಎಲ್ಲಿಂದ? ಗೆದ್ದ ಲೆವೆಲುಗಳನ್ನು ಮತ್ತೆ ಆಡುವುದರಿಂದ. ಸಿಕ್ಕಿಕೊಂಡ ಲೆವೆಲಿನ ಮೇಲೆಯೇ ತಲೆ ಚಚ್ಚಿಕೊಳ್ಳುವ ಬದಲು ಅದಕ್ಕಿಂತ ಒಂದೆರಡು ಹಿಂದಿನದನ್ನು, ಕಣ್ಣು ಮುಚ್ಚಿ ಆಡುವಷ್ಟು ರೂಢಿಯಾದದ್ದನ್ನು, ಮತ್ತೆ ಆಡಿ ಗಳಿಸಿ, ನಿಧಾನದ ಒಲೆಯನ್ನು ಬದಲಿಸಿಕೊಂಡು ಬರಬೇಕು. ದಿನಕ್ಕೊಮ್ಮೆ ಆಟ ತಾನಾಗಿ ಕೊಡುವ ಕಾಣಿಕೆಯನ್ನು ಬಿಡಬಾರದು. ಮೊದಲ ಹೊಟೇಲಿನ ಅಡುಗೆಮನೆ ಪೂರ್ತಿ ಬೆಳೆಯುವವರೆಗೂ ಎರಡನೇ ಹೊಟೇಲಿನ ಬಾಗಿಲು ತೆರೆದಿದ್ದರೂ ಹೋಗಬಾರದು, ಅಲ್ಲಿ ಎಲ್ಲ ಮತ್ತೆ ಒಂದು ಹಳೆಯ ಒಲೆಯಿಂದಲೇ ಶುರು. ಹುಡುಗ ಆಗಲೇ ಮೂರು ಹೊಟೇಲು ತೆರೆದಿದ್ದ, ಮೂರರಲ್ಲೂ ಒಂದೊಂದೇ ಒಲೆ.

ಮನೆಯ ದೊಡ್ಡವರಿಗೆ ಒಂದು ಮಾತು. ಫೋನಿನ ಪ್ಲೇ ಸ್ಟೋರ್ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಬಹುದು. ವೈನಿಯ ಫೋನಿನಲ್ಲಿ ಅದನ್ನು ಅಲ್ಲೇ ಗೋಡೆಯ ಮೇಲಿಟ್ಟು ಮಾಡಿದೆವು. ಹುಡುಗನೇ ಮಾಡಿಕೊಟ್ಟ. ಅವನ ಮೇಲೆ ನಂಬಿಕೆಯಿಲ್ಲ ಎಂದಲ್ಲ, ಸೋತ ಗಳಿಗೆಯ ಸಿಟ್ಟಿನ ಮೇಲೆ ಯಾರಿಗೂ ನಂಬಿಕೆ ಇರಬಾರದು ಎಂದು.

ಇಷ್ಟೆಲ್ಲ ಆದ ಮೇಲೆ ವೈನಿ ಕೇಳಿದ್ದು ನನ್ನನ್ನು ಇಂದಿಗೂ ಯೋಚನೆಗೆ ಹಚ್ಚಿದೆ.

"ಇದರಾಗ ಒಲಿ 'ಅಪ್‌ಗ್ರೇಡ್' ಅಂದ್ಕೂಡ್ಲೆ ಜಲ್ದಿ ಬೇಯತೈತಿ. ನನ್ನ ಒಲಿ ಮುಂದ ನಾ ಇರ್ತೀನಿ. ನನಗ ಏನ್ ಅಪ್‌ಗ್ರೇಡ್ ಮಾಡ್ತಾರ?"

ಮಾತು ಇಲ್ಲಿಗೇ ಬರಬೇಕಿತ್ತು. ಖಾನಾವಳಿಯಲ್ಲಿ ಅತ್ಯಂತ ನಿಧಾನದ ಜಾಗ ಹಂಚಲ್ಲ, ಹಂಚಿನ ಮುಂದೆ ಕೂತ ಹೆಣ್ಣುಮಗಳ ಭುಜ. ತಾಸಿಗೆ ಅರವತ್ತು ರೊಟ್ಟಿ ಎಂದು ನಾನು ಹಾಕಿದ ಲೆಕ್ಕ ಮೊದಲ ತಾಸಿಗೆ ನಿಜ. ಮೂರನೇ ತಾಸಿಗೆ ಅದೇ ಕೈ ಅಷ್ಟು ಬಡಿಯುವುದಿಲ್ಲ. ಹೊಗೆ ಕಣ್ಣಿಗೆ, ಕಾವು ಮುಖಕ್ಕೆ, ನೋವು ಬೆನ್ನಿಗೆ. ನಮ್ಮ ಕಡೆ ಎಷ್ಟೋ ಊಟದಂಗಡಿಗಳಲ್ಲಿ ಮುಂದಿನ ಕೋಣೆಗೆ ಗಾಜು, ಬಣ್ಣದ ದೀಪ, ಏಸಿ ಬಂದಿವೆ. ಹಿಂದಿನ ಅಡುಗೆಮನೆಗೆ ಒಂದು ದೊಡ್ಡ ಕಿಟಕಿಯೂ ಬಂದಿಲ್ಲ. ಹುಡುಗನ ಕಾರಂಜಿಯೂ ಇದೂ ಒಂದೇ ದಾರಿಯ ವಿಚಾರ. ಹೊಗೆ ಹೋಗುವ ಚಿಮಣಿ, ನಿಂತು ಬಡಿಯಬೇಕೆನ್ನುವವರಿಗೆ ಸರಿಯಾದ ಎತ್ತರದ ಕಟ್ಟೆ, ಸರದಿಗೆ ಇನ್ನೊಬ್ಬರು, ಕೈಗೆ ತಕ್ಕ ಕೂಲಿ, ಇವೇ ಖಾನಾವಳಿಯ ನಿಜವಾದ ಅಪ್‌ಗ್ರೇಡುಗಳು. ಕರುಣೆಯಿಂದ ನೋಡಿದರೂ ಸರಿ, ಲಾಭದಿಂದ ನೋಡಿದರೂ ಸರಿ, ಮೊದಲ ನಾಣ್ಯ ಅಲ್ಲಿಗೇ ಹೋಗಬೇಕು.

ಅದಕ್ಕೇ ನನಗೊಂದು ಆಸೆ. ಉಡುಪಿಯವರು ಇಡೀ ಜಗತ್ತಿಗೆ ಆಟ ಮಾಡಿ ಕೊಟ್ಟಿದ್ದಾರೆ. ನಮ್ಮ ವಿಜಯಪುರದ, ಟಿಕೋಟಾ, ಬಬಲೇಶ್ವರದ ಮಕ್ಕಳೂ ಈಗ ಕಂಪ್ಯೂಟರ್ ಓದುತ್ತಿದ್ದಾರೆ. ಅವರು ಒಂದು ಖಾನಾವಳಿ ಆಟ ಮಾಡಲಿ.

"ಮಾಡ್ತೀನಿ ಕಾಕು" ಅಂದ ಹುಡುಗ. ಅವನು ಓದುತ್ತಿರುವುದೂ ಅದನ್ನೇ. "ಏನೇನ್ ಹಾಕಬೇಕು ಹೇಳ್ರಿ."

ಹೇಳುತ್ತ ಹೋದೆವು. ಸುಗ್ಗಿಯಲ್ಲಿ ಬಿಳಿಜೋಳದ ಚೀಲ ಕೊಂಡಿಡುವುದು ಇರಬೇಕು, ಗಿರಣಿಗೆ ಎಷ್ಟು ಹಾಕಬೇಕೆಂಬ ಲೆಕ್ಕ ಇರಬೇಕು. ಜಿಗಿ ಹೋದ ಹಿಟ್ಟಿನಲ್ಲಿ ರೊಟ್ಟಿ ಸೀಳಬೇಕು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಗಿರಾಕಿಗಳ ಸಾಲು ಬೀದಿಗೆ ಬರಬೇಕು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆ ದಿನಗಳಲ್ಲಿ ಮಾತ್ರ ಸಿಗಬೇಕು. ಎಳ್ಳಮಾಸಿಗೆ ಊರೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಕುರ್ಚಿ ಖಾಲಿ ಬೀಳಬೇಕು. ಆದರೆ ಹಿಂದಿನ ದಿನವೇ ಬುತ್ತಿಗೆಂದು ಕಡಕ ರೊಟ್ಟಿಯ ದೊಡ್ಡ ಆರ್ಡರು ಬಂದಿರಬೇಕು.

"ಉದ್ರಿ ವಹಿ ಹಾಕ್ರಿ" ಅಂದರು ವೈನಿ. "ಹಳ್ಳಿಯಿಂದ ಓದಾಕ ಬಂದ ಹುಡುಗ್ರು ತಿಂಗಳ ಕಡೀಗೆ ರೊಕ್ಕಾ ಕೊಡ್ತಾರ. ಕೆಲವ್ರಿಗೆ ತಡಾ ಆಗ್ತೈತಿ. ಅವ್ರನ್ನ ಬ್ಯಾಡ ಅಂದ್ರ ಮುಂದಿನ ವರ್ಷ ಅವ್ರ ಊರಿಂದ ಯಾರೂ ಬರಂಗಿಲ್ಲ."

ಇದು ಯಾವ ಆಟದಲ್ಲೂ ನಾನು ಕಾಣದ ಸಂಗತಿ. ಫೋನಿನ ಗಿರಾಕಿಗೆ ಹೆಸರಿಲ್ಲ, ನೆನಪಿಲ್ಲ. ಎದ್ದು ಹೋದರೆ ಮುಗಿಯಿತು. ಖಾನಾವಳಿಯ ಗಿರಾಕಿ ನಾಳೆಯೂ ಬರುತ್ತಾನೆ, ಅವನಿಗೆ ಖಾರ ಕಡಿಮೆ ಬೇಕೆಂದು ಬಡಿಸುವವರಿಗೆ ಗೊತ್ತಿರುತ್ತದೆ. ಬೇಡವೆಂದರೂ ಇನ್ನೊಂದು ರೊಟ್ಟಿ ತಾಟಿಗೆ ಬೀಳುತ್ತದೆ. ಆ ಒಂದು ರೊಟ್ಟಿ ಇವತ್ತಿನ ಗಲ್ಲೆಯಲ್ಲಿ ನಷ್ಟ, ವರ್ಷದ ಲೆಕ್ಕದಲ್ಲಿ ಲಾಭ. ಇದನ್ನು ಅಂಕಗಳಲ್ಲಿ ಕಟ್ಟಿ ತೋರಿಸಿದವನು ಜಗತ್ತಿಗೇ ಒಂದು ಹೊಸ ಆಟ ಕೊಟ್ಟಂತೆ.

ಮೊದಲ ಲೆವೆಲು ಹೇಗಿರಬೇಕೆಂದು ಹುಡುಗ ಕೇಳಿದ. ಒಂದು ಹಂಚು, ಒಬ್ಬ ರೊಟ್ಟಿ ಬಡಿಯುವಾಕೆ, ನಾಲ್ಕು ಗಿರಾಕಿ ಎಂದು ಒಪ್ಪಂದವಾಯಿತು. ಆಕೆಯ ತಲೆಯ ಪಕ್ಕದಲ್ಲೂ ಗಿರಾಕಿಗಿರುವಂಥದೇ ಒಂದು ಪಟ್ಟಿ ಇರಬೇಕು, ಅವಳ ದಣಿವಿನದು. ಅದು ಪೂರ್ತಿ ಇಳಿದರೆ ರೊಟ್ಟಿ ನಿಲ್ಲಬೇಕು. ಕೈಯಲ್ಲಿ ಮೊದಲ ನೂರು ನಾಣ್ಯ ಕೂಡಿದಾಗ ಅಂಗಡಿಯಲ್ಲಿ ಮೂರು ವಸ್ತು ಕಾಣಬೇಕು: ಬಾಗಿಲಿಗೆ ಬಣ್ಣದ ಬೋರ್ಡು, ಎರಡು ಹೊಸ ಕುರ್ಚಿ, ಅಡುಗೆಮನೆಗೆ ಒಂದು ಕಿಟಕಿ. ಯಾವುದನ್ನು ಕೊಳ್ಳಬೇಕೆಂದು ಆಟ ಹೇಳಬಾರದು. ಕಿಟಕಿ ಕೊಂಡವರಿಗೆ ಎರಡನೇ ಲೆವೆಲು ತಾನಾಗಿ ತೆರೆಯಬೇಕು.